ಅವ್ವನ ತಲೆಬೇನೆ, ನನ್ನ ದವಡೆ

ಬಾಯಿ ತೆರೆದರೆ ಕೆಟ್ಟೆ ಎಂದು ಹಿರಿಯರು ಹೇಳಿದ್ದು ಮಾತಿನ ವಿಷಯಕ್ಕೆ. ನಾನು ಕೆಟ್ಟದ್ದು ಆಕಳಿಕೆಯಿಂದ. ಸುರಪುರದ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುವ ನನ್ನನ್ನು ಶಹಾಪುರಕ್ಕೆ ತರಬೇತಿಗೆ ಕಳಿಸಿದ್ದರು. ಊಟವಾದ ಮೇಲೆ ಕಿಟಕಿಗಳನ್ನು ಮುಚ್ಚಿ, ಗೋಡೆಯ ಮೇಲೆ ಚಿತ್ರ ತೋರಿಸತೊಡಗಿದರು. ಅಂಥ ಹೊತ್ತಿನಲ್ಲಿ ಆಕಳಿಸದವನು ಮನುಷ್ಯನೇ ಅಲ್ಲ. ಆಕಳಿಸಿದೆ. ತೆರೆದ ಬಾಯಿ ಮುಚ್ಚಲಿಲ್ಲ. ಗಾಬರಿಯಾಗಿ ಕೈ ಎತ್ತಿದೆ. "ಕೇಳ್ರಿ ಸರ್, ಸಂಕೋಚ ಮಾಡಬ್ಯಾಡ್ರಿ" ಎಂದರು ತರಬೇತುದಾರರು. "ಆ..." ಎಂದೆ. ಪಕ್ಕದಲ್ಲಿದ್ದ ಗಣಿತದ ಖಾಜಾಸಾಬ್ ಮಾಸ್ತರರು ನನ್ನನ್ನು ಇಣುಕಿ ನೋಡಿ, "ಪ್ರಶ್ನಿ ಅಲ್ರಿ, ಇವರ ದವಡಿ ಹಿಡದೈತಿ" ಎಂದು ಉತ್ತರ ಕೊಟ್ಟರು. ಸಭೆ ನಗುತ್ತಿದ್ದಂತೆ 'ಟಕ್' ಎಂದು ಬಾಯಿ ತಾನೇ ಮುಚ್ಚಿತು.

ಅಂದಿನಿಂದ ರೊಟ್ಟಿ ಅಗಿದರೆ ಕಿವಿಯ ಮುಂದೆ ಟಕ್ ಟಕ್. ಅಡುಗೆಮನೆಯಿಂದ ಹೆಂಡತಿ "ಏನ್ರೀ ಮುರೀತು?" ಎಂದು ಕೇಳುವಷ್ಟು ಸದ್ದು. ಸಂಜೆಯಾದರೆ ತಲೆ ಸಿಡಿತ. ಕೊನೆಗೆ ಯಾದಗಿರಿಯ ಹಲ್ಲಿನ ಡಾಕ್ಟರಮ್ಮನ ಬಳಿಗೆ ಹೊರಟೆ. ಪೇಟೆಯಲ್ಲಿ ಕೆಲಸವಿದೆಯೆಂದು ಅವ್ವನೂ ಜೊತೆಗೆ ಬಂದಳು.

ಡಾಕ್ಟರಮ್ಮ ದವಡೆಯ ಕೀಲು ಒತ್ತಿ ನೋಡಿ, "ಮನಿಯಾಗ ಮತ್ತ್ಯಾರಿಗರ ತಲಿಬ್ಯಾನಿ ಐತೇನ್ರಿ?" ಎಂದು ಕೇಳಿದರು. "ಇಲ್ರಿ" ಎಂದೆ. ಪಕ್ಕದಲ್ಲಿ ಅವ್ವ ಕೆಮ್ಮಿದಳು.

ಇಲ್ಲಿ ನನ್ನ ತಪ್ಪೊಪ್ಪಿಗೆ ಬರಬೇಕು. ನಾನು ಕಂಡಾಗಿನಿಂದ ಅವ್ವ ಆಗಾಗ ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿಕೊಂಡು ಗೋಡೆಯ ಕಡೆ ಮುಖ ಮಾಡಿ ಮಲಗುವವಳು. ಅದು ಹೆಚ್ಚಾಗಿ ಸೋದರತ್ತೆ ಬಳಗ ಕಟ್ಟಿಕೊಂಡು ಬರುವ ದಿನವೇ ಆಗಿರುತ್ತಿತ್ತು. "ನಿಮ್ಮವ್ವನ ತಲಿ ಪಂಚಾಂಗ ಓದತೈತಿ" ಎನ್ನುತ್ತಿದ್ದ ಅಪ್ಪ. ಅಪ್ಪನಿಗಿಂತ ಜೋರಾಗಿ ನಗುತ್ತಿದ್ದವನು ನಾನು. ಮದುವೆಯಾದ ಹೊಸದರಲ್ಲಿ ಟವೆಲ್ ಕಟ್ಟಿಕೊಂಡು ಅವ್ವನ ನರಳಾಟವನ್ನು ಹೆಂಡತಿಗೆ ಅಭಿನಯಿಸಿ ತೋರಿಸಿದ್ದೂ ಉಂಟು. ಅವಳು ನಗಲಿಲ್ಲ.

"ನನಗೈತ್ರಿ ಡಾಕ್ಟರವ್ವಾ, ಇವನು ಹುಟ್ಟೂಕಿಂತ ಮೊದಲಿಂದ" ಎಂದಳು ಅವ್ವ.

"ಹೌದೇನ್ರಿ? ದವಡಿ ಕೀಲಿನ ಬ್ಯಾನಿ, ತಲಿಬ್ಯಾನಿ ಎರಡೂ ಭಾಳ ಮಂದಿಗೆ ಜೋಡಿನೇ ಬರ್ತಾವ. ಎರಡಕ್ಕೂ ಒಂದಿಷ್ಟು ವಂಶವಾಹಿ ಒಂದೇ ಇರಬಹುದು ಅಂತಾರ. ನಿಮ್ಮಿಬ್ಬರದೂ ಹಂಗೇ ಅಂತ ಖಾತ್ರಿ ಹೇಳಾಕ ಬರೂದಿಲ್ಲ."

ಕೊನೆಯ ವಾಕ್ಯ ಅವ್ವನ ಕಿವಿಗೆ ಬೀಳಲೇ ಇಲ್ಲ. "ಇದನ್ನ ಚೀಟಿಯಾಗ ಬರದು ಕೊಡ್ರಿ. ಮನಿಯಾಗ ಓದಿಸಬೇಕು" ಎಂದಳು. ಡಾಕ್ಟರಮ್ಮ ನಗುತ್ತ ನನ್ನ ಚೀಟಿಯ ಕೆಳಗೆ 'ತಾಯಿಗೂ ತಲೆನೋವು ಇದೆ' ಎಂದು ಕನ್ನಡದಲ್ಲೇ ಬರೆದರು. ನನಗೆ ಮೆತ್ತನೆಯ ಊಟ, ಬಿಸಿನೀರಿನ ಶಾಖ, ಕಡಿಮೆ ಮಾತು. ಮೂರನೆಯದು ಕೇಳಿ ಹೆಂಡತಿ ಆಮೇಲೆ ಡಾಕ್ಟರಮ್ಮನನ್ನು ಬಾಯಿತುಂಬ ಹೊಗಳಿದಳು.

ಮನೆಗೆ ಬಂದವಳೇ ಅವ್ವ ಚೀಟಿಯನ್ನು ಅಪ್ಪನ ಮುಂದೆ ಹಿಡಿದಳು. ಅಪ್ಪ ಕನ್ನಡಕ ಏರಿಸಿ, "ತಾಯಿಗೂ ತಲೆನೋವು ಇದೆ" ಎಂದು ಓದಿದ.

"ಇನ್ನೊಮ್ಮೆ ಓದ್ರಿ. ಜೋರಾಗಿ."

ಅಪ್ಪ ಮತ್ತೆ ಓದಿ, "ನಾ ಯಾವಾಗ ಇಲ್ಲ ಅಂದೇನಿ?" ಎಂದು ಎದ್ದು ಹೊರಗೆ ಹೋದ. ಅವ್ವ ನಗಲಿಲ್ಲ. ಚೀಟಿಯನ್ನು ಮಡಚುತ್ತ, "ಬ್ಯಾನಿಗಿಂತ ನೀವು ನಗೂದೇ ಹೆಚ್ಚು ಚುಚ್ಚತಿತ್ತು" ಎಂದಳು ಮೆಲ್ಲಗೆ.

ಮರುದಿನ ಸಂಜೆ ಶಾಲೆಯಿಂದ ಬಂದರೆ ಅವ್ವ ಹೊರಸಿನ ಮೇಲೆ ಕಣ್ಣು ಮುಚ್ಚಿ ಮಲಗಿದ್ದಳು. ಚಹಾ ಕೂಡ ಕುಡಿಯದೆ ಎಣ್ಣೆ ಬಿಸಿ ಮಾಡಿ ತಂದು ಅವಳ ತಲೆ ಒತ್ತಲು ಕುಳಿತೆ. ಅರ್ಧ ಗಂಟೆ ಒತ್ತಿದೆ. ಬೆರಳು ಸೋತವು, ಕಣ್ಣಲ್ಲಿ ನೀರು ಬಂತು. "ಅವ್ವ, ಬ್ಯಾನಿ ಕಡಿಮಿ ಆತೇನ?" ಎಂದೆ.

ಅವ್ವ ಕಣ್ಣು ತೆರೆಯಲಿಲ್ಲ. "ಇವತ್ತ ಎಲ್ಲಿ ಬ್ಯಾನಿನೋ? ಸುಮ್ಮ ಅಡ್ಡಾಗಿದ್ದೆ. ನೀ ಒತ್ತು, ಒತ್ತು, ಛಲೋ ಅನಸಾಕತ್ತೈತಿ."