ಮಲಗಿದ್ದಲ್ಲೇ ಮೂರು ಸಾವಿರ

ತಕ್ಕಡಿರಾಯರ ಅನ್ನಕ್ಕೆ ಕಲ್ಲು ಹಾಕಿದ್ದು ಬೇರೆ ಯಾರೂ ಅಲ್ಲ, ಸ್ವಂತ ನಾದಿನಿ. ಅದೂ ದ್ವೇಷದಿಂದಲ್ಲ, ಪ್ರೀತಿಯಿಂದ. ದ್ವೇಷದಿಂದ ಹಾಕಿದ್ದರೆ ಒಂದು ಜಗಳವಾದರೂ ಆಡಬಹುದಿತ್ತು.

ರಾಯರು ಪಾರ್ಸೆಲ್ ಕಚೇರಿಯಲ್ಲಿ ತೂಕದ ಗುಮಾಸ್ತರು. ಜನ ತರುವ ಗಂಟು, ಡಬ್ಬ, ಪೆಟ್ಟಿಗೆಗಳನ್ನು ತಕ್ಕಡಿಯ ಮೇಲಿಟ್ಟು ತೂಕ ಕೂಗುವುದು ಅವರ ಕೆಲಸ. ಹಾಗಾಗಿಯೇ ಆ ಅಡ್ಡಹೆಸರು. ಕೂತು ಕೂತು ಅವರ ಹೊಟ್ಟೆ ಕೌಂಟರಿನಾಚೆಗೂ ಸ್ವಲ್ಪ ಇಣುಕುತ್ತಿತ್ತು. ಡಾಕ್ಟರು ನೋಡಿ "ಇಳಿಸಿ" ಎಂದರು. ನಾದಿನಿಯೋ, ಕಾಲೇಜಿನ ಪ್ರಯೋಗಾಲಯದಲ್ಲಿ ಮನುಷ್ಯರ ಮೈ ಸುಮ್ಮನೆ ಮಲಗಿದ್ದಾಗ ಎಷ್ಟು ಶಕ್ತಿ ಉರಿಸುತ್ತದೆ ಎಂದು ಅಳೆಯುವವಳು. ಅವಳು ಭಾವನ ಎತ್ತರ, ತೂಕ, ವಯಸ್ಸು ಕೇಳಿಕೊಂಡು ಒಂದು ಸೂತ್ರದೊಳಗೆ ಹಾಕಿ ಗುಣಿಸಿ ಭಾಗಿಸಿ, "ಅಕ್ಕಾ, ಭಾವನ ಮೈ ಮಲಗಿದ್ದಲ್ಲೇ ದಿನಕ್ಕೆ ಸಾವಿರದ ಏಳುನೂರು ಕ್ಯಾಲೊರಿ ಉರಿಸುತ್ತೆ. ಅದಕ್ಕಿಂತ ಸ್ವಲ್ಪ ಕಡಿಮೆ ಊಟ ಹಾಕು, ತಾನಾಗೇ ಇಳೀತಾರೆ" ಎಂದುಬಿಟ್ಟಳು.

ಅಕ್ಕ, ಅಂದರೆ ರಾಯರ ಹೆಂಡತಿ, ದರ್ಜಿ. ಮನೆಯ ಮುಂದಿನ ಕೋಣೆಯೇ ಅವಳ ಹೊಲಿಗೆ ಅಂಗಡಿ. ಅಳತೆ ಎಂದರೆ ಅವಳಿಗೆ ವೇದವಾಕ್ಯ. ಮಾರನೆಯ ದಿನವೇ ಅಡುಗೆಮನೆಗೊಂದು ಪುಟ್ಟ ತಕ್ಕಡಿ ಬಂತು. ಅಂದಿನಿಂದ ರಾಯರ ಅನ್ನ, ತರಕಾರಿ, ಮೊಸರು ಎಲ್ಲವೂ ತೂಗಿಯೇ ತಟ್ಟೆಗೆ ಬೀಳತೊಡಗಿದವು. ಕಚೇರಿಯಲ್ಲಿ ಊರವರ ಗಂಟು ತೂಗಿ ಬಂದ ಮನುಷ್ಯನಿಗೆ ಮನೆಯಲ್ಲಿ ತನ್ನ ತುತ್ತನ್ನೇ ತೂಗುವುದನ್ನು ನೋಡುತ್ತ ಕೂರುವ ಗತಿ ಬಂತು!

"ಇನ್ನೊಂದು ಚಮಚ ಹಾಕೇ, ಪುಣ್ಯ ಬರುತ್ತೆ."

"ಪುಣ್ಯ ಬರುತ್ತೋ ಇಲ್ವೋ, ಮೈ ಅಂತೂ ಬರುತ್ತೆ. ಏಳಿ."

ಮೂರು ತಿಂಗಳು ಹೀಗೇ ಕಳೆಯಿತು. ಹೊಟ್ಟೆ ಹಗಲಿಡೀ ತಾಳ ಹಾಕಿತು, ಆದರೆ ಕರಗಲಿಲ್ಲ. ಇಲ್ಲಿ ಒಂದು ಮಾತು ಖಂಡಿತವಾಗಿ ಹೇಳಿಬಿಡಬೇಕು. ರಾಯರು ಹೊರಗೆ ಕದ್ದು ಒಂದು ಬಿಸ್ಕತ್ತನ್ನೂ ತಿಂದವರಲ್ಲ. ಕಚೇರಿಯಲ್ಲಿ ಯಾರದೋ ಹುಟ್ಟುಹಬ್ಬಕ್ಕೆ ಹಂಚಿದ ಕೇಕನ್ನು ಕೂಡ, ಕಣ್ಣಲ್ಲಿ ನೀರು ತುಂಬಿಕೊಂಡು, ಪಕ್ಕದವರಿಗೆ ದಾಟಿಸಿದ ಪ್ರಾಮಾಣಿಕ ಮನುಷ್ಯ ಅವರು.

ಹೀಗಿರುವಾಗ ಒಂದು ಸಂಜೆ ನಾದಿನಿ ಬಂದು ಹೇಳಿದಳು: "ಭಾವ, ಆ ಸೂತ್ರ ನಿಮಗೆ ಸರಿಹೊಂದದೇನೇ ಇರಬಹುದು. ಅದನ್ನ ಮಾಡಿದ್ದು ಬೇರೆ ಯಾವುದೋ ಜನರ ಮೈ ಅಳೆದು. ಎತ್ತರದ, ಕಟ್ಟುಮಸ್ತಾದ, ಎಳೇ ವಯಸ್ಸಿನ ಸಿಪಾಯಿಗಳು. ಎಲ್ಲಾ ಜನರ ಮೈಯೂ ಒಂದೇ ತರ ಉರಿಯಲ್ಲ. ಅದಕ್ಕೇ ನಾವು ಮೀನುಗಾರರನ್ನ, ಗಣಿ ಕೆಲಸದವರನ್ನ, ಗುಡ್ಡದ ಮೇಲಿನವರನ್ನ ಎಲ್ಲಾ ಬೇರೆಬೇರೆಯಾಗಿ ಅಳೀತಿದೀವಿ. ಈಗ ಕುರ್ಚಿ ಕೆಲಸದವರ ಸರದಿ. ನಾಳೆ ಬನ್ನಿ, ಯಂತ್ರದಲ್ಲೇ ನೋಡಿಬಿಡೋಣ. ಲೆಕ್ಕ ಹೆಚ್ಚುಕಡಿಮೆ ಆಗಬಹುದು."

ಹಸಿದವನ ಮನಸ್ಸಿಗೆ ಆ ಮಾತಿನಲ್ಲಿ 'ಹೆಚ್ಚು' ಮಾತ್ರ ಹಿಡಿಸಿತು. ಲೆಕ್ಕ ಮೇಲೆ ಹೋದರೆ ತಟ್ಟೆ ತುಂಬುತ್ತದೆ! ರಾಯರು ಒಂದೇ ಉಸಿರಿಗೆ ಒಪ್ಪಿದರು. ಯಂತ್ರಕ್ಕೆ ಖಾಲಿ ಹೊಟ್ಟೆ ಬೇಕೆಂದು ಆ ರಾತ್ರಿ ಬೇಗ ಉಂಡು, ಬೆಳಿಗ್ಗೆ ಕಾಫಿಯನ್ನೂ ಮುಟ್ಟದೆ ಹೊರಟರು.

ಮೆಟ್ಟಿಲಿಳಿಯುವಾಗಲೇ ಪಕ್ಕದ ಮನೆಯ ಡ್ರಿಲ್ ಮಾಸ್ತರು ಅಡ್ಡ ಬಂದರು. ಶಾಲೆಯಿಂದ ನಿವೃತ್ತರಾದರೂ ಊರಿನವರಿಗೆ ಕವಾಯತು ಮಾಡಿಸುವುದನ್ನು ಅವರು ಬಿಟ್ಟಿರಲಿಲ್ಲ. ವಿಷಯ ತಿಳಿದದ್ದೇ ತಡ, ಸ್ಕೂಟರ್ ತೆಗೆದರು. ಕಾಲೇಜಿನ ಹಿಂಬಾಗಿಲಿಗೆ ತಂದು ನಿಲ್ಲಿಸಿ, "ಏನ್ರೀ, ಲೆಕ್ಕ ಜಾಸ್ತಿ ಬರಬೇಕು ತಾನೇ? ಲಿಫ್ಟ್ ಹತ್ತಬೇಡಿ. ನಾಲ್ಕು ಮಹಡಿ ಓಡ್ಕೊಂಡು ಹತ್ತಿ, ಇಳಿದು, ಮತ್ತೆ ಹತ್ತಿ. ಮೈ ಬಿಸಿ ಆಗ್ಲಿ. ಲೆಫ್ಟ್, ರೈಟ್!" ಎಂದು ಕೂಗಿದರು.

ಖಾಲಿ ಹೊಟ್ಟೆಯಲ್ಲಿ ಅಷ್ಟು ಹತ್ತಿಳಿದ ರಾಯರು ಪ್ರಯೋಗಾಲಯದ ಬಾಗಿಲಲ್ಲಿ ನಿಂತಾಗ ಮುಖ ಕೆಂಪಡರಿ, ಕಣ್ಣು ಕತ್ತಲೆ ಬಂದಿತ್ತು. ನಾದಿನಿ ಹೌಹಾರಿದಳು.

"ಇದೇನು ಭಾವ ಈ ಅವಸ್ಥೆ! ಮೊದಲು ಮಲಗಿ. ಪೂರ್ತಿ ಸುಧಾರಿಸ್ಕೊಂಡ ಮೇಲೇ ಅಳೆಯೋದು."

ಹೋಯಿತು! ಹತ್ತಿದ್ದೂ ಇಳಿದದ್ದೂ ನೀರಿನಲ್ಲಿ ಹೋಮ. ಮಂಚದ ಮೇಲೆ ಮಲಗಿದ ರಾಯರ ಎದೆಬಡಿತ ನಿಧಾನಕ್ಕೆ ತಗ್ಗುತ್ತ ಬಂದಹಾಗೆ ಅವರ ಆಸೆಯೂ ತಗ್ಗುತ್ತ ಬಂತು.

ಅಷ್ಟರಲ್ಲಿ ಪರಿಚಯದ ಮುಖವೊಂದು ಇಣುಕಿತು. ಠಸ್ಸೆಪ್ಪ! ಪಾರ್ಸೆಲ್ ಕಚೇರಿಯಲ್ಲಿ ರಾಯರ ಪಕ್ಕದಲ್ಲೇ ಕೂತು ದಿನವಿಡೀ ಠಸ್ಸೆ ಹೊಡೆಯುವವನು. ಕುರ್ಚಿ ಕೆಲಸದವರ ಪೈಕಿ ಅವನೂ ಅಂದು ಅಳೆಸಿಕೊಳ್ಳಲು ಖಾಲಿ ಹೊಟ್ಟೆಯಲ್ಲಿ ಬಂದಿದ್ದ. ನಾದಿನಿ ಅತ್ತ ಹೋದದ್ದು ನೋಡಿ, ರಾಯರು ತಮ್ಮ ಗೋಳೆಲ್ಲ ಪಿಸುಗುಟ್ಟಿದರು.

"ಇಷ್ಟೇನಾ ರಾಯರೇ?" ಠಸ್ಸೆಪ್ಪ ಬಗ್ಗಿ ಕಿವಿಯಲ್ಲಿ ಹೇಳಿದ. "ಹೊದಿಕೆ ಒಳಗೆ ಮುಷ್ಟಿ ಬಿಗಿಹಿಡೀರಿ. ತೊಡೆ ಬಿಗಿ ಮಾಡಿ. ಕಾಲ್ಬೆರಳು ಆಡಿಸ್ತಾ ಇರಿ. ಯಾರಿಗೂ ಕಾಣಲ್ಲ. ಮಿಕ್ಕಿದ್ದು ನನಗೆ ಬಿಡಿ."

"ಮಿಕ್ಕಿದ್ದು ಅಂದ್ರೆ ಏನಯ್ಯಾ?"

ಅಷ್ಟರಲ್ಲಿ ನಾದಿನಿ ಬಂದೇ ಬಿಟ್ಟಳು.

ಅವಳು ತಂದದ್ದು ಬೇಕರಿಯವರು ಕೇಕಿಗೆ ಮುಚ್ಚುವಂಥ ಪಾರದರ್ಶಕ ಗುಮ್ಮಟ. ಅದನ್ನು ರಾಯರ ತಲೆಯ ಮೇಲೆ ಇಟ್ಟು, ಸುತ್ತ ಪ್ಲಾಸ್ಟಿಕ್ ಹಾಳೆ ಸಿಕ್ಕಿಸಿದಳು. ಗುಮ್ಮಟದಿಂದ ಒಂದು ಕೊಳವೆ ಯಂತ್ರಕ್ಕೆ ಹೋಗಿತ್ತು.

"ಭಾವ, ನೀವು ಎಷ್ಟು ಆಮ್ಲಜನಕ ಎಳ್ಕೋತೀರೋ ಅದರ ಮೇಲೆ ನಿಮ್ಮ ಮೈ ಎಷ್ಟು ಉರೀತಿದೆ ಅಂತ ಯಂತ್ರ ಹೇಳುತ್ತೆ. ಅಲ್ಲಾಡಬೇಡಿ. ನಿದ್ದೆ ಮಾಡಬೇಡಿ. ಯಾವ ಚಿಂತೆನೂ ಬೇಡ."

ರಾಯರು ಒಳಗಿಂದ ತಲೆಯಾಡಿಸಿದರು. ಹೊದಿಕೆಯಡಿ ಮುಷ್ಟಿ ಬಿಗಿಯಿತು, ತೊಡೆ ಬಿಗಿಯಿತು, ಕಾಲ್ಬೆರಳುಗಳು ಕಾಣದ ಹಾಗೆ ಕುಣಿಯತೊಡಗಿದವು. ಮುಖ ಮಾತ್ರ ತಪಸ್ವಿಯದು. ಸ್ವಲ್ಪ ಹೊತ್ತಿನಲ್ಲೇ ಮೀನಖಂಡ ಸೆಟೆದು ಪ್ರಾಣ ಹೋದ ಹಾಗಾಯಿತು. ಆದರೂ ಮನುಷ್ಯ ತುಟಿಪಿಟಕ್ಕೆನ್ನಲಿಲ್ಲ. ಒಂದು ತಟ್ಟೆ ಅನ್ನಕ್ಕಾಗಿ ಗಂಡಸು ಎಷ್ಟೆಲ್ಲ ಸಹಿಸುತ್ತಾನೆ ನೋಡಿ!

ಆಗ ಪಕ್ಕದ ಕುರ್ಚಿಯಲ್ಲಿದ್ದ ಠಸ್ಸೆಪ್ಪ, ಗೋಡೆಗೆ ಹೇಳುವವನಂತೆ, ಗಟ್ಟಿಯಾಗಿ ಹೇಳಿದ: "ಪಾಪ, ರಾಯರಿಗೆ ಇನ್ನೂ ಗೊತ್ತಿಲ್ಲ. ದ್ವೀಪದ ಕಚೇರಿಗೆ ವರ್ಗ ಆಗಿದೆ. ವಾರಕ್ಕೊಂದೇ ದೋಣಿಯಂತೆ. ಈಜು ಬೇರೆ ಬರಲ್ಲ ಅವರಿಗೆ."

ರಾಯರ ಎದೆ ಧಸಕ್ಕೆಂದಿತು. ದ್ವೀಪ! ದೋಣಿ! ಗುಮ್ಮಟದೊಳಗೆ ಅವರ ಕಣ್ಣುಗಳು ಗುಡ್ಡೆ ಕಿತ್ತು ಬರುವಂತೆ ಅಗಲವಾದವು, ಉಸಿರು ತಿದಿ ಒತ್ತಿದಂತೆ ಬುಸುಗುಟ್ಟಿತು, ಗುಮ್ಮಟದ ತುಂಬ ಮಂಜು ಕವಿಯಿತು. ಯಂತ್ರ ಕೀಂ ಕೀಂ ಎನ್ನತೊಡಗಿತು. ನಾದಿನಿ ಓಡಿಬಂದು ಪರದೆ ನೋಡಿದವಳು ಹಾಗೇ ಕಲ್ಲಾಗಿ ನಿಂತಳು.

"ಅಯ್ಯೋ ಶಿವನೇ... ಮೂರು ಸಾವಿರ!"

ಗುಮ್ಮಟ ತೆಗೆದ ಕೂಡಲೇ ರಾಯರು ಠಸ್ಸೆಪ್ಪನ ಕೊರಳಪಟ್ಟಿಗೇ ಕೈಹಾಕಿದರು. "ನಿಜ ಹೇಳು, ದ್ವೀಪಾನಾ?"

"ಸುಳ್ಳು ರಾಯರೇ, ಶುದ್ಧ ಸುಳ್ಳು! ನಿಮ್ಮ ಒಳ್ಳೇದಕ್ಕೇ ಹೇಳಿದ್ದು. ಅಲ್ಲಿ ನೋಡಿ, ಮೂರು ಸಾವಿರ!"

ರಾಯರಿಗೆ ಹೋದ ಜೀವ ಬಂತು. ಮೂರು ಸಾವಿರ! ಕಣ್ಣೆದುರಿಗೆ ಬೆಳ್ಳಗೆ ಹಬೆಯಾಡುವ ಅನ್ನದ ರಾಶಿ ನಿಂತಿತು.

ಸರಿಯಾಗಿ ಆ ಹೊತ್ತಿಗೆ ಹೆಂಡತಿ ಒಳಗೆ ಬಂದಳು. ಅಳತೆ ಮುಗಿದ ಮೇಲೆ ಗಂಡ ತಿನ್ನಲಿ ಎಂದು, ತೂಗಿ ತುಂಬಿದ ಡಬ್ಬಿ ತಂದಿದ್ದಳು. ತಂಗಿಯ ಮುಖ ನೋಡಿ ಗಾಬರಿಯಾದಳು.

"ಏನೇ ಅದು? ಏನಾಯ್ತು ಇವರಿಗೆ?"

"ಅಕ್ಕಾ, ಸೂತ್ರ ಹೇಳಿದ್ದು ಸಾವಿರದ ಏಳುನೂರು. ಯಂತ್ರ ಹೇಳ್ತಿರೋದು ಮೂರು ಸಾವಿರ. ಗಣಿ ಕೆಲಸದವರಲ್ಲೂ ನಾನು ಇಂಥದ್ದು ನೋಡಿಲ್ಲ!"

ಹೆಂಡತಿಯ ಕೈ ಬಾಯಿಗೆ ಹೋಯಿತು. "ಅಯ್ಯಯ್ಯೋ! ಅಷ್ಟು ಉರಿಯೋ ಮೈಗೆ ಮೂರು ತಿಂಗಳಿಂದ ಅರೆಹೊಟ್ಟೆ ಹಾಕಿದ್ನಲ್ಲೇ! ನನ್ನ ಕೈ ಸೇದಿಹೋಗ!" ರಾಯರು ಕಷ್ಟ ನುಂಗಿದ ದೊಡ್ಡ ಮನುಷ್ಯನಂತೆ ಮುಖ ಮಾಡಿ, "ಹೋಗ್ಲಿ ಬಿಡೇ. ಇವತ್ತಿಂದ ಹಾಕು" ಎಂದರು.

ಆದರೆ ದರ್ಜಿಯ ಬುದ್ಧಿ. ಬಟ್ಟೆ ಎಷ್ಟು ಬಂತು, ಎಷ್ಟು ಕತ್ತರಿಸಿದ್ದಾಯಿತು, ಎಷ್ಟು ಉಳಿಯಿತು ಎಂದು ತಾಳೆ ನೋಡದೆ ಅದು ಸುಮ್ಮನಾಗುವುದೇ ಇಲ್ಲ. ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದವಳು ಅರ್ಧಕ್ಕೇ ನಿಲ್ಲಿಸಿದಳು.

"ತಡೀರಿ. ಮಲಗಿದ್ದಲ್ಲೇ ಮೂರು ಸಾವಿರ ಉರಿಯುತ್ತೆ. ನಾನು ಹಾಕೋದು ಅದರ ಅರ್ಧ. ಮೂರು ತಿಂಗಳು. ಹಾಗಿದ್ಮೇಲೆ ನೀವು ಒಣಗಿ ಕಡ್ಡಿ ಆಗಿರಬೇಕಿತ್ತಲ್ಲ? ನಿಮ್ಮ ಪ್ಯಾಂಟಿನ ಸೊಂಟ ನಾನು ಒಂದು ಹೊಲಿಗೆನೂ ಒಳಗೆ ಹಿಡಿದಿಲ್ಲ!"

ಅವಳು ಗಂಡನ ಎದುರಿಗೇ ಬಂದು ನಿಂತಳು.

"ಮಿಕ್ಕ ಅರ್ಧ ಎಲ್ಲಿ ತಿಂತಿದೀರಿ?"

"ಆಣೆಗೂ ಇಲ್ಲ ಕಣೇ! ಒಂದು ಬಿಸ್ಕತ್ತು ಕೂಡಾ..."

ನಾದಿನಿ ನಡುವೆ ಬಂದಳು. "ಭಾವ, ನಿಜ ಹೇಳಿ. ಒಳಗೆ ಏನಾದ್ರೂ ಕಿತಾಪತಿ ಮಾಡಿದ್ರಾ? ಮಾಡಿದ್ರೆ ಹೇಳಿಬಿಡಿ, ಅಳತೆ ರದ್ದು ಮಾಡ್ತೀನಿ. ಆದ್ರೆ ಒಂದು ಮಾತು. ಇಲ್ಲೀವರೆಗೆ ಅಳೆದ ಕುರ್ಚಿ ಕೆಲಸದವರೆಲ್ಲಾ ಸೂತ್ರ ಹೇಳಿದ್ದಕ್ಕಿಂತ ಕಡಿಮೆನೇ ಉರಿಸ್ತಾರೆ. ನಿಮ್ಮದೂ ಹಾಗೇ ಬಂದ್ರೆ, ಅಕ್ಕ ಈಗ ಹಾಕೋದೇ ಜಾಸ್ತಿ ಅಂತಾಗುತ್ತೆ."

ಈಗ ಹಾಕುವುದೇ ಜಾಸ್ತಿ! ರಾಯರಿಗೆ ತಲೆ ಗಿರ್ರನೆ ತಿರುಗಿತು. ನಿಜ ಹೇಳಿದರೆ ಇರುವ ಅನ್ನಕ್ಕೂ ಕತ್ತರಿ. ಸುಳ್ಳು ಹೇಳಿದರೆ ಮಾಡದ ತಪ್ಪಿಗೆ ಬೈಗುಳ. ಬೈಗುಳ ಒಂದು ವಾರ ಇರುತ್ತದೆ, ಹಸಿವು ಜೀವಮಾನವಿಡೀ. ಮೂರು ಸಾವಿರ ಉಳಿದರೆ ಇಂದಲ್ಲ ನಾಳೆ ಹೆಂಡತಿ ಕರಗಿ ತಟ್ಟೆ ತುಂಬಿಸಿಯೇ ತುಂಬಿಸುತ್ತಾಳೆ. ಆಯುಷ್ಯವಿಡೀ ಸರಿಯಾದ ತೂಕ ಹೇಳಿದ ಬಾಯಿಂದ ಮೊದಲ ಸಲ ಸುಳ್ಳು ತೂಕ ಬಂತು.

"ಹೌದು. ತಿಂದೆ."

ಠಸ್ಸೆಪ್ಪ ಬಾಯಿ ತೆರೆದುಕೊಂಡು ನೋಡಿದ. ಕೇಕ್ ದಾಟಿಸಿದ್ದು ಇವರೇ, ತಿಂದವನು ತಾನೇ.

"ಎಲ್ಲಿ ತಿಂದ್ರಿ?" ಹೆಂಡತಿಯ ದನಿ ತೀರಾ ತಣ್ಣಗಿತ್ತು.

ಅದನ್ನು ರಾಯರು ಯೋಚಿಸಿರಲಿಲ್ಲ. ಅತ್ತಿತ್ತ ನೋಡಿದರು. ಕಣ್ಣಿಗೆ ಬಿದ್ದದ್ದು ಠಸ್ಸೆಪ್ಪನೊಬ್ಬನೇ.

"ಇವನ... ಇವನ ಡಬ್ಬೀಲಿ. ದಿನಾ ಕೊಡ್ತಿದ್ದ."

ಠಸ್ಸೆಪ್ಪ ಕಕ್ಕಾಬಿಕ್ಕಿಯಾದ. ಹೆಂಡತಿ ಅಳಲಿಲ್ಲ, ಕೂಗಲಿಲ್ಲ. ನೇರ ಠಸ್ಸೆಪ್ಪನ ಮುಂದೆ ಹೋಗಿ ಕೈಯಲ್ಲಿದ್ದ ಡಬ್ಬಿಯನ್ನು ಅವನ ಮಡಿಲಲ್ಲಿಟ್ಟಳು.

"ಅಣ್ಣಾ, ಮೂರು ತಿಂಗಳು ನಿಮ್ಮ ಹೊಟ್ಟೆ ಕಟ್ಟಿ ಇವರನ್ನ ಸಾಕಿದೀರಿ. ನಿಮ್ಮ ಋಣ ಹೇಗೆ ತೀರಿಸ್ಲಿ? ಇದನ್ನ ನೀವು ತಿನ್ನಿ. ಇನ್ನು ಮೇಲೆ ನಾನು ಇವರಿಗೆ ಬೇಯಿಸೋದೂ ಬೇಡ, ತೂಗೋದೂ ಬೇಡ. ಅಲ್ಲೇ ತಿನ್ಕೊಳ್ಳಲಿ."

ರಾಯರಿಗೆ ಗರ ಬಡಿದಂತಾಯಿತು. ಠಸ್ಸೆಪ್ಪ ಅವರ ಮುಖ ನೋಡಿದ, ಡಬ್ಬಿಯ ಮುಚ್ಚಳ ನೋಡಿದ. ಪಾಪ, ಅವನೂ ರಾತ್ರಿಯಿಂದ ಏನೂ ತಿಂದಿರಲಿಲ್ಲ. ಮುಚ್ಚಳ ತೆಗೆದ. ಅನ್ನದ ಘಮ ಕೋಣೆಯ ತುಂಬ ಹರಡಿತು.

"ತಿನ್ನಬೇಡಿ! ಮುಂದಿನ ಅಳತೆ ನಿಮ್ದೇ!" ಎಂದು ನಾದಿನಿ ಕೂಗುವಷ್ಟರಲ್ಲಿ ಎರಡು ತುತ್ತು ಒಳಗೆ ಹೋಗಿತ್ತು. ಅವಳು ಹಣೆ ಚಚ್ಚಿಕೊಂಡು ಯಂತ್ರದ ಕಡೆ ತಿರುಗಿದಳು. ಆ ಮೂರು ಸಾವಿರ ಅವಳಿಗೆ ಇನ್ನೂ ಚುಚ್ಚುತ್ತಲೇ ಇತ್ತು. ಯಂತ್ರವನ್ನು ಪರೀಕ್ಷಿಸಲೆಂದೇ ಇಟ್ಟಿದ್ದ ಅನಿಲದ ಸಿಲಿಂಡರ್ ಜೋಡಿಸಿ ನೋಡಿದಳು, ಕೊಳವೆ ಬಿಚ್ಚಿ ನೋಡಿದಳು. ಆಮೇಲೆ ಅವಳ ಮುಖ ಬಿಳುಚಿಕೊಂಡಿತು.

"ಅಯ್ಯೋ ಭಾವ, ತಪ್ಪಾಯ್ತು! ಯಂತ್ರನೇ ಕೆಟ್ಟಿದೆ. ಕೊಳವೆ ಬಿರುಕು ಬಿಟ್ಟಿದೆ. ಬೆಳಿಗ್ಗೆಯಿಂದ ಏನೇನೋ ತೋರಿಸ್ತಿದೆ. ಈ ಮೂರು ಸಾವಿರಕ್ಕೆ ಅರ್ಥನೇ ಇಲ್ಲ, ಪೂರ್ತಿ ರದ್ದು!"

ರಾಯರು ಮಂಚದಿಂದ ಹಾರಿದರು. ಸೆಟೆದ ಕಾಲಿನ ನೆನಪೂ ಆಗಲಿಲ್ಲ. "ಕೇಳಿದ್ಯೇನೇ? ಯಂತ್ರ ಸುಳ್ಳು! ನಾನು ಎಲ್ಲೂ ತಿಂದಿಲ್ಲ ಕಣೇ, ದೇವರಾಣೆ!"

"ಯಂತ್ರ ಸುಳ್ಳು ಹೇಳಿರಬಹುದು" ಎಂದಳು ಹೆಂಡತಿ. "ತಿಂದೆ ಅಂದಿದ್ದು ಯಂತ್ರ ಅಲ್ವಲ್ಲ, ನೀವು."

"ಠಸ್ಸೆಪ್ಪಾ, ನೀನಾದ್ರೂ ಹೇಳೋ!"

ಠಸ್ಸೆಪ್ಪ ಬಾಯಿತುಂಬ ಅನ್ನ ಇಟ್ಟುಕೊಂಡು ಒಮ್ಮೆ ಡಬ್ಬಿಯನ್ನು ನೋಡಿದ, ಒಮ್ಮೆ ಅದನ್ನು ಕೊಟ್ಟ ಮಹಾತಾಯಿಯನ್ನು ನೋಡಿದ. ಆಮೇಲೆ ತಲೆ ತಗ್ಗಿಸಿ, "ತಿಂತಿದ್ರಮ್ಮ. ಚೆನ್ನಾಗೇ ತಿಂತಿದ್ರು" ಎಂದ.

ನಾದಿನಿ ಹೊಸ ಕೊಳವೆ ಹುಡುಕುತ್ತ, ಸಮಾಧಾನದ ದನಿಯಲ್ಲಿ ಹೇಳಿದಳು: "ಹೋಗ್ಲಿ ಭಾವ, ಬೇಜಾರು ಮಾಡ್ಕೋಬೇಡಿ. ನಾಳೆ ಬೆಳಿಗ್ಗೆ ಬನ್ನಿ, ಮತ್ತೆ ಅಳೆಯೋಣ. ಹೊಟ್ಟೆ ಮಾತ್ರ ಪೂರ್ತಿ ಖಾಲಿ ಇರಬೇಕು."

ಹೆಂಡತಿ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ತಿರುಗಿ ನಿಂತಳು.

"ಅದರ ಚಿಂತೆ ನಿನಗೆ ಬೇಡ ಕಣೇ" ಎಂದಳು. "ಅದು ನನ್ನ ಜವಾಬ್ದಾರಿ."