ಪೆಟ್ಟಿಗೆಯೊಳಗೆ ತಡವಾದ ಹುಣ್ಣಿಮೆ

ಯಾರನ್ನಾದರೂ ಏನನ್ನಾದರೂ ಕೇಳುವುದೆಂದರೆ ನನಗೆ ಮೊದಲಿನಿಂದಲೂ ಆಗದು. ಇಳಿಯಬೇಕಾದ ಊರು ಬಂತೇ ಎಂದು ಪಕ್ಕದವರನ್ನು ಕೇಳದೆ, ಮುಂದಿನ ಊರಿಗೆ ಹೋಗಿ ಇಳಿದು, ಅಲ್ಲಿಂದ ಮತ್ತೊಂದು ಬಸ್ಸು ಹಿಡಿದು ಹಿಂದಿರುಗಿದವನು ನಾನು. ಇದನ್ನು ನಾನು ಸಂಕೋಚ ಎಂದುಕೊಂಡಿದ್ದೇನೆ. ನನ್ನ ಹೆಂಡತಿ ಶೈಲಾ ಮಾತ್ರ ಸೊಕ್ಕು ಎನ್ನುತ್ತಾಳೆ. ಹೆಸರು ಯಾವುದೇ ಇರಲಿ, ಅದರಿಂದಾಗಿ ಉಗರಗೋಳದಲ್ಲಿ ಒಂದು ಹುಣ್ಣಿಮೆಯೇ ತಡವಾಯಿತು.

ಬೈಲಹೊಂಗಲದಲ್ಲಿ ಅಂಗಡಿಕಾರರಿಗೆ ವೆಬ್‌ಸೈಟ್ ಮಾಡಿಕೊಡುವುದು ನನ್ನ ಕಸುಬು. ಉಗರಗೋಳದ ಗುರುಶಾಂತಪ್ಪನವರು ಹುಣ್ಣಿಮೆಗೆಂದು ಯಲ್ಲಮ್ಮನ ಗುಡ್ಡಕ್ಕೆ ಬರುವವರಿಗೆ ಕಾಯಿ, ಕುಂಕುಮ, ಭಂಡಾರದ ಅರಿಸಿನ ಮಾರುತ್ತಾರೆ. ಅಂಗಡಿಯ ಮೇಲೆ ಉಳಿಯಲು ಕೋಣೆಗಳೂ ಇವೆ. ಅವರ ವೆಬ್‌ಸೈಟ್ ನಾನೇ ಮಾಡಿದ್ದು. ಒಂದು ದಿನ ಅವರು ಫೋನ್ ಮಾಡಿ, “ಹುಣ್ಣಿಮಿ ಯಾವಾಗ ಐತಿ ಅಂತ ಮಂದಿ ದಿನಾ ಕೇಳತಾರ್ರಿ. ಹೇಳಿ ಹೇಳಿ ಬಾಯಿ ಒಣಗೇತಿ. ನಮ್ಮ ಪುಟದಾಗ ಒಂದು ಸಣ್ಣ ಡಬ್ಬಿ ಮಾಡಿ ಇಡ್ರಿ. ಇವತ್ತ ಏನು, ನಾಳೆ ಏನು, ಅದರಾಗ ಕಾಣಬೇಕು ನೋಡ್ರಿ” ಎಂದರು.

ಡಬ್ಬಿ ಮಾಡುವುದೇನು ಕಷ್ಟ? ಮುನವಳ್ಳಿಯ ಗೋವಿಂದ ಜೋಶಿಯವರ ಮನೆಯಲ್ಲಿ ತಲೆಮಾರುಗಳಿಂದ ಪಂಚಾಂಗ ಬರೆಯುತ್ತಾರೆ. ಅವರ ಸೊಸೆ ವೈದೇಹಿ ಅದನ್ನೆಲ್ಲ ಒಂದು ವೆಬ್‌ಸೈಟಿಗೆ ಏರಿಸಿ, ದಿನದಿನದ ತಿಥಿ ಅಲ್ಲಿ ತಾನಾಗಿ ಬದಲಾಗುವಂತೆ ಮಾಡಿದ್ದಾರೆ. ಅಲ್ಲಿಂದ ತಿಥಿ ತಂದು ತೋರಿಸುವ ಪುಟ್ಟ ಪೆಟ್ಟಿಗೆಯೊಂದನ್ನು ಹೆಣೆದೆ. ಕೆಳಗೆ ‘ಲೆಕ್ಕ: ಜೋಶಿಯವರು, ಮುನವಳ್ಳಿ’ ಎಂದು ದೊಡ್ಡ ಮನಸ್ಸಿನಿಂದ ಬರೆದೆ. ನನ್ನ ಕಂಪ್ಯೂಟರಿನಲ್ಲಿ ಮಾದರಿಗೆಂದು ಇಳಿಸಿಕೊಂಡ ತಿಥಿಗಳನ್ನು ಹಾಕಿ ನೋಡಿದರೆ ಪೆಟ್ಟಿಗೆ ಚಂದವಾಗಿ ಕಂಡಿತು. ಗುರುಶಾಂತಪ್ಪನವರ ಪುಟದಲ್ಲಿ ಕೂರಿಸಿದಾಗ ಮಾತ್ರ ಬೆಳ್ಳಗೆ, ಖಾಲಿ.

ಕಾರಣ ಇಷ್ಟೇ. ಒಂದು ವೆಬ್‌ಸೈಟಿನ ಪುಟ ಇನ್ನೊಂದು ವೆಬ್‌ಸೈಟಿನ ಮಾಹಿತಿಯನ್ನು ಸುಮ್ಮನೆ ಎತ್ತಿಕೊಳ್ಳಲು ಬ್ರೌಸರ್ ಬಿಡುವುದಿಲ್ಲ. ಮಾಹಿತಿಯ ಒಡೆಯರು ‘ಇವರಿಗೆ ಕೊಡಬಹುದು’ ಎಂದು ತಮ್ಮ ಕಡೆಯಿಂದ ಒಂದು ಸಾಲು ಬರೆದಿರಬೇಕು. ಅಂದರೆ ನಾನು ಮುನವಳ್ಳಿಗೆ ಫೋನ್ ಮಾಡಿ ಕೇಳಬೇಕು. ಅಲ್ಲಿಗೆ ನನ್ನ ಉತ್ಸಾಹ ಇಳಿಯಿತು.

ಕೇಳದೆ ಮಾಡುವ ದಾರಿಯೂ ಇತ್ತು. ಬ್ರೌಸರಿಗೆ ಇರುವ ಈ ಕಟ್ಟುನಿಟ್ಟು ಸರ್ವರಿಗೆ ಇಲ್ಲ. ನನ್ನ ಸರ್ವರು ಮುನವಳ್ಳಿಯಿಂದ ದಿನಕ್ಕೊಮ್ಮೆ ತಿಥಿಯ ನಕಲು ತಂದಿಟ್ಟುಕೊಳ್ಳುವುದು, ಪೆಟ್ಟಿಗೆ ನನ್ನಿಂದ ಇಸಿದುಕೊಳ್ಳುವುದು. ನನ್ನ ಕಡೆಯ ಒಪ್ಪಿಗೆಯ ಸಾಲನ್ನು ನಾನೇ ಬರೆದುಕೊಂಡೆ. ನನ್ನನ್ನು ನಾನು ಕೇಳಲು ಸಂಕೋಚವೇನೂ ಆಗಲಿಲ್ಲ. ಖಾಲಿ ಪೆಟ್ಟಿಗೆ ತುಂಬಿತು. “ಭೇಷ್!” ಎಂದರು ಗುರುಶಾಂತಪ್ಪನವರು. ನಾನು ಮನೆಯಲ್ಲಿ ಎರಡನೆಯ ಸಲ ಚಹಾ ಮಾಡಿಸಿಕೊಂಡು ಕುಡಿದೆ.

ಕೆಲವು ವಾರ ಎಲ್ಲ ಸರಿಯಿತ್ತು. ಆಮೇಲೆ ಹುಣ್ಣಿಮೆಯ ದಿನವನ್ನೇ ನೋಡಿಕೊಂಡು ನನ್ನ ಸರ್ವರು ಹೊಸ ನಕಲು ತರುವುದನ್ನು ಮರೆಯಿತು. ಹಿಂದಿನ ದಿನದ್ದನ್ನೇ ತೋರಿಸುತ್ತ ಕುಳಿತಿತು: ‘ಇಂದು ಚತುರ್ದಶಿ, ನಾಳೆ ಹುಣ್ಣಿಮೆ.’ ಅಂದಕ್ಕೆ ಅಡ್ಡಿಯೆಂದು ತಾರೀಖನ್ನು ನಾನು ಹಾಕಿರಲಿಲ್ಲವಾದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ. ರಾಮದುರ್ಗದ ಒಬ್ಬ ಅಜ್ಜಿ ಮನೆಯವರನ್ನೆಲ್ಲ ಕಟ್ಟಿಕೊಂಡು ಮರುದಿನ ಗುಡ್ಡಕ್ಕೆ ಬಂದರು. ಮನೆಯ ಗೋಡೆಯ ಮೇಲೆ ಕ್ಯಾಲೆಂಡರ್ ಇರಲಿಲ್ಲವೇ? ಇತ್ತಂತೆ. ಆದರೆ ಅಜ್ಜಿಗೆ ನಂಬಿಕೆ ಇದ್ದದ್ದು ಜೋಶಿಯವರ ಲೆಕ್ಕದ ಮೇಲೆ, ಮತ್ತು ಪೆಟ್ಟಿಗೆಯಲ್ಲಿ ಅವರ ಹೆಸರಿತ್ತು.

ಗುರುಶಾಂತಪ್ಪನವರ ಫೋನ್ ಬಂತು. “ಹುಣ್ಣಿಮಿ ನಿನ್ನೇನ ಮುಗದೈತಿ, ನಿಮ್ಮ ಡಬ್ಬಿ ನಿನ್ನೆ ನೋಡಿದ್ರ ‘ನಾಳೆ’ ಅಂದಿತ್ತು. ಅಜ್ಜಿ ಇಲ್ಲೇ ಅಂಗಡ್ಯಾಗ ಕುಂತಾರ. ಏನ್ ಹೇಳ್ಲಿ?”

“ಬಾಳ ಸಿಟ್ಟಾಗ್ಯಾರೇನ್ರಿ?”

“ಅಜ್ಜಿ ಸಿಟ್ಟಾಗಿಲ್ಲ. ಗದ್ದಲಿಲ್ಲ, ಕಣ್ತುಂಬ ದರ್ಶನ ಆತು, ಪ್ರತಿಸಲ ಹಿಂಗ ಹೇಳ್ರಿ ಅನ್ನಾಕ ಹತ್ಯಾರ. ಸಿಟ್ಟಾದವರು ಬ್ಯಾರೇ ಅದಾರ. ಅವರೆಲ್ಲ ಜೋಶಿಯವರಿಗೆ ಫೋನ್ ಹಚ್ಚ್ಯಾರ.”

ಪಂಚಾಂಗ ಬರೆಯುವವರಿಗೆ ‘ನಿಮ್ಮ ಹುಣ್ಣಿಮೆ ತಪ್ಪಿದೆ’ ಎಂದು ಹೇಳುವುದಕ್ಕಿಂತ ದೊಡ್ಡ ಬೈಗುಳವಿಲ್ಲ. ಅವರು ಮಾಡದ ತಪ್ಪಿಗೆ ಅವರ ಹೆಸರು ಕೆಡುತ್ತಿತ್ತು. ಪೆಟ್ಟಿಗೆಯನ್ನು ಆ ಕ್ಷಣವೇ ತೆಗೆದುಹಾಕಿ, ಬಸ್ಸು ಹತ್ತಿ ಮುನವಳ್ಳಿಗೆ ಹೋದೆ. ಈ ಸಲ ಮನೆ ಎಲ್ಲಿ ಎಂದು ಸಿಕ್ಕವರನ್ನೆಲ್ಲ ಕೇಳಿದೆ.

ಜೋಶಿಯವರು ಜಗಲಿಯ ಮೇಲೆ ಕುಳಿತಿದ್ದರು. ನಾನು ಯಾರೆಂದು ಹೇಳಿದ ಮೇಲೂ “ಕೂಡ್ರಿ” ಎಂದರು. ಅದು ಅವರ ದೊಡ್ಡಸ್ತಿಕೆ. “ನಮ್ಮ ಅಜ್ಜನ ಕಾಲದಿಂದ ಬರೀತೇವಿ. ಹುಣ್ಣಿಮಿ ಎಂದೂ ಹಿಂದಮುಂದ ಆಗಿಲ್ಲ. ನಿಮ್ಮ ಕಡೆ ಬಂದಕೂಡಲೆ ಹೆಂಗ ತಡಾ ಆತು, ಅಷ್ಟು ಹೇಳ್ರಿ.”

ಹೇಳಿದೆ. ಬ್ರೌಸರು, ಸರ್ವರು, ನಕಲು, ಎಲ್ಲ. ಅವರು ಸೊಸೆಯ ಕಡೆ ನೋಡಿದರು. ವೈದೇಹಿ ನಗುತ್ತಿದ್ದರು.

“ಮಾವನವರ, ನಾವು ಒಂದು ಸಾಲು ಬರದು ಕೊಟ್ಟಿದ್ರ ಇವರ ಡಬ್ಬಿ ಸೀದಾ ನಮ್ಮಿಂದನ ತಗೊಳ್ತಿತ್ತು. ಇವರು ಕೇಳಿದ್ರ ಸಾಕಿತ್ತು.”

“ಮತ್ತ ಯಾಕ ಕೇಳಲಿಲ್ಲ?” ಎಂದರು ಜೋಶಿಯವರು.

“ಈಗ ಕೇಳತೇನ್ರಿ. ಕೊಡ್ರಿ” ಎಂದೆ.

ವೈದೇಹಿ ನನ್ನೆದುರೇ ಗುರುಶಾಂತಪ್ಪನವರ ವೆಬ್‌ಸೈಟಿನ ಹೆಸರು ಕೇಳಿಕೊಂಡು ಆ ಸಾಲು ಬರೆದರು. ಚಹಾ ಬರುವಷ್ಟರಲ್ಲಿ ಮುಗಿಯಿತು. ನಾನು ಕಟ್ಟಿದ್ದ ನಕಲಿನ ಏರ್ಪಾಟೆಲ್ಲ ಅದರೊಂದಿಗೆ ಕಸವಾಯಿತು. ನಾನು ಏಳುವಾಗ ಜೋಶಿಯವರು ಒಂದು ಷರತ್ತು ಹಾಕಿದರು: “ದಿನಾ ಮುಂಜಾನೆ ಡಬ್ಬಿಯೊಳಗ ಏನ್ ಬಂದದ ಅಂತ ಓದಿ ನನಗ ಫೋನ್‌ನ್ಯಾಗ ಹೇಳಬೇಕು. ನನ್ನ ಹೆಸರು ಅದ ಅಲ್ಲಿ.”

ಒಪ್ಪಿಕೊಂಡು ಪೆಟ್ಟಿಗೆಯನ್ನು ಮತ್ತೆ ಕೂರಿಸಿದೆ. ಈಗ ತಿಥಿ ಮುನವಳ್ಳಿಯಿಂದ ಕಣ್ಣು ಮಿಟುಕಿಸುವುದರೊಳಗೆ ಉಗರಗೋಳದ ಪುಟಕ್ಕೆ ಹೋಗುತ್ತದೆ. ಅದನ್ನು ನಾನು ಬೈಲಹೊಂಗಲದಲ್ಲಿ ಓದಿ ಮತ್ತೆ ಮುನವಳ್ಳಿಗೆ ಹೇಳುತ್ತೇನೆ. ಈ ಇಡೀ ಏರ್ಪಾಟಿನಲ್ಲಿ ನಿಧಾನವಾದ ಭಾಗ ನಾನೇ. ಮೊನ್ನೆ ನನಗೆ ಗಂಟಲು ಕಟ್ಟಿದ್ದರಿಂದ ಶೈಲಾ ಓದಿ ಹೇಳಿದಳು. ಆ ಕಡೆಯಿಂದ ಜೋಶಿಯವರ ದನಿ ನನಗೂ ಕೇಳಿಸಿತು: “ನಾಳಿಂದ ನೀವ ಹೇಳ್ರಿ ತಂಗಿ. ನಿಮ್ಮ ಉಚ್ಚಾರ ಶುದ್ಧ ಅದ. ಅವರು ಡಬ್ಬಿ ಮಾಡಲಿ ಸಾಕು.”