ಚಿಕ್ಕಪ್ಪನ ಟವರು, ಚಿಕ್ಕಮ್ಮನ ಹಗ್ಗ

ನಮ್ಮ ಚಿಕ್ಕಪ್ಪ ಇಡೀ ಜೋಗುಪಾಳ್ಯದಲ್ಲೇ ಅತಿ ಎತ್ತರದ ಮನುಷ್ಯ. ನಂಬದವರು ಅಳತೆ ಪಟ್ಟಿ ತರಬಹುದು. ಐದಡಿ ಮೂರಂಗುಲ ಬರುತ್ತದೆ. ಆದರೆ ಅಳೆಯುವ ಮೊದಲು ಆಸಾಮಿ ಎಲ್ಲಿದ್ದಾರೆ ಎಂದು ನೋಡಬೇಕಲ್ಲವೇ? ಮೊನ್ನೆ ಮೊನ್ನೆಯವರೆಗೂ ಭಾನುವಾರ ಬೆಳಿಗ್ಗೆ ನೀವು ಹೋಗಿದ್ದರೆ, ಮನೆಯ ತಾರಸಿಯ ಮೇಲೆ ನಿಲ್ಲಿಸಿದ ನಲವತ್ತು ಅಡಿಯ ಕಬ್ಬಿಣದ ಟವರಿನ ತುದಿಯಲ್ಲಿ, ಬಾಯಲ್ಲಿ ಸ್ಪ್ಯಾನರ್ ಕಚ್ಚಿಕೊಂಡು, ಒಂದು ಕಾಲನ್ನು ಗಾಳಿಯಲ್ಲಿ ಬಿಟ್ಟು ನಿಂತಿರುತ್ತಿದ್ದರು. ಹಲಸೂರು ಕೆರೆಯ ಕಡೆಯಿಂದ ಬರುವ ಹದ್ದುಗಳು ಅವರನ್ನು ನೋಡಿ ದಾರಿ ಬಿಡುತ್ತಿದ್ದವು! ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಕಂಡಿದ್ದೇನೆಯೇ? ಇದೇ ನನ್ನ ತೊಂದರೆ. ನಾನು ಭೌತಶಾಸ್ತ್ರದಲ್ಲಿ ಎಂಎಸ್ಸಿ ಮಾಡಿದವನು, ಎಲ್ಲದಕ್ಕೂ ಸಾಕ್ಷಿ ಕೇಳುವ ಕೆಟ್ಟ ಚಟದವನು. ಮೊದಲು ಬೇರೆಯವರ ಮಾತಿಗೆ ಸಾಕ್ಷಿ ಕೇಳುತ್ತಿದ್ದೆ. ಇತ್ತೀಚೆಗೆ ಚಟ ಬಲಿತು ನನ್ನ ನೆನಪಿನ ಮೇಲೇ ತಿರುಗಿಬಿದ್ದಿದೆ. ಆದ್ದರಿಂದ ಹದ್ದುಗಳ ವಿಷಯವನ್ನು ಸದ್ಯಕ್ಕೆ ಬದಿಗಿಡೋಣ.

ಚಿಕ್ಕಪ್ಪನದು ಹ್ಯಾಮ್ ರೇಡಿಯೊ ಹುಚ್ಚು. ಸರ್ಕಾರದ ಪರೀಕ್ಷೆ ಬರೆದು, ಲೈಸೆನ್ಸ್ ಪಡೆದು, ಮನೆಯಲ್ಲೇ ಸೆಟ್ ಇಟ್ಟುಕೊಂಡು, ಆಂಟೆನಾ ಕಟ್ಟಿ, ದೇಶವಿದೇಶಗಳ ಅಪರಿಚಿತರೊಂದಿಗೆ ಮಾತಾಡುವ ಹವ್ಯಾಸ ಅದು. "ಅದಕ್ಕೆ ವಾಟ್ಸಾಪ್ ಇದೆಯಲ್ಲ ಚಿಕ್ಕಪ್ಪ?" ಎಂದು ಒಮ್ಮೆ ಕೇಳಿ ಕೆಟ್ಟೆ.

"ಲೋ, ವಾಟ್ಸಾಪ್‌ನಲ್ಲಿ ಗೊತ್ತಿರೋರ ಜೊತೆ ಮಾತಾಡ್ತೀಯ. ಅದರಲ್ಲೇನೋ ಸಾಹಸ?"

ಸರಿ, ಗೊತ್ತಿಲ್ಲದವರ ಜೊತೆ ಏನು ಮಾತಾಡುತ್ತಾರೆ ಎಂದು ಒಂದು ಇಡೀ ಬೆಳಿಗ್ಗೆ ಪಕ್ಕದಲ್ಲಿ ಕೂತು, ಇನ್ನೊಂದು ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ಬ್ರೆಜಿಲ್‌ನವನೊಬ್ಬ ಸಿಕ್ಕಿದ. ಚಿಕ್ಕಪ್ಪ, "ನನ್ನ ದನಿ ಕೇಳಿಸ್ತಿದೆಯಾ?" ಎಂದರು. ಅವನು, "ಚೆನ್ನಾಗಿ ಕೇಳಿಸ್ತಿದೆ. ನನ್ನದು?" ಎಂದ. "ನಿಮ್ಮದೂ ಕೇಳಿಸ್ತಿದೆ" ಎಂದರು ಇವರು. ಮುಗಿಯಿತು! ಭೂಮಿಯನ್ನು ಅರ್ಧ ಸುತ್ತಿ ಹೋಗಿ, ಕೇಳಿಸ್ತಾ ಎಂದು ಕೇಳಿ, ಕೇಳಿಸ್ತು ಎಂದು ಅನ್ನಿಸಿಕೊಂಡು ವಾಪಸ್ ಬರುವುದು. ಚಿಕ್ಕಪ್ಪ ಹೆಡ್‌ಫೋನ್ ತೆಗೆದಿಟ್ಟು, ಮದುವೆ ಊಟ ಮುಗಿಸಿದವರ ಹಾಗೆ ಹೊಟ್ಟೆ ಸವರಿಕೊಂಡರು.

ಟವರ್ ಬರುವುದಕ್ಕೆ ಮುಂಚೆ ಅವರ ಆಂಟೆನಾ ಎಂದರೆ ತಾರಸಿಯ ಈ ಮೂಲೆಯಿಂದ ಆ ಮೂಲೆಗೆ ಎಳೆದು ಕಟ್ಟಿದ ಒಂದು ಉದ್ದನೆಯ ಪ್ಲಾಸ್ಟಿಕ್ ಹೊದಿಕೆಯ ತಂತಿ. ಈಗ ಹೇಳಿ, ತಾರಸಿಯ ಮೇಲೆ ತಂತಿ ಕಂಡರೆ ಬೆಂಗಳೂರಿನ ಯಾವ ಗೃಹಿಣಿ ಸುಮ್ಮನಿರುತ್ತಾಳೆ? ಚಿಕ್ಕಮ್ಮ ಒಂದು ದಿನ ಅದರ ಮೇಲೆ ಒದ್ದೆ ಬೆಡ್‌ಶೀಟ್ ಹರವಿದರು. ಕೆಳಗೆ, ಸೆಟ್ಟಿನ ಪಕ್ಕದ ಮೀಟರಿನ ಮುಳ್ಳು ಗಕ್ಕನೆ ಮೇಲೆದ್ದಿತು. ಆಂಟೆನಾದ ಮೇಲೆ ಏನಾದರೂ ಬಿದ್ದಿದ್ದರೆ, ಇವರು ಮಾತಾಡಲು ಬಾಯಿ ತೆರೆದ ಕೂಡಲೇ ಆ ಮುಳ್ಳಿಗೆ ಗೊತ್ತಾಗುತ್ತದೆ. ಚಿಕ್ಕಪ್ಪ ಓಡಿ ಬಂದರು.

"ಏನೇ ಇದು? ಜಪಾನ್ ಹೋಯ್ತಲ್ಲೇ!"

"ಹೋಗ್ಲಿ ಬಿಡಿ. ಅನ್ನ ಆರ್ತಾ ಇದೆ, ಬನ್ನಿ ಊಟಕ್ಕೆ."

ಅಂದಿನಿಂದ ಅದೊಂದು ಪದ್ಧತಿಯೇ ಆಯಿತು. ಚಿಕ್ಕಪ್ಪ ಕೆಳಗಿನ ರೇಡಿಯೊ ಕೋಣೆಯ ಬಾಗಿಲಿಗೆ ಒಳಗಿಂದ ಚಿಲಕ ಹಾಕಿ, ಕಿವಿಗೆ ಹೆಡ್‌ಫೋನ್ ಏರಿಸಿ ಕೂತರೆಂದರೆ ಬಾಗಿಲು ಬಡಿದರೂ ಕೇಳಿಸದು, ಕೂಗಿದರೂ ಕೇಳಿಸದು. ಬ್ರೆಜಿಲ್ ಕೇಳಿಸುತ್ತದೆ, ಅಡುಗೆಮನೆ ಕೇಳಿಸುವುದಿಲ್ಲ! ಚಿಕ್ಕಮ್ಮ ಹೊರಗಿನ ಹತ್ತೊಂಬತ್ತು ಮೆಟ್ಟಿಲು ಹತ್ತಿ ತಾರಸಿಗೆ ಹೋಗಿ ತಂತಿಯ ಮೇಲೆ ಒದ್ದೆ ಬಟ್ಟೆ ಹಾಕುತ್ತಿದ್ದರು. ಟವೆಲ್ ಬಿದ್ದರೆ ಊಟ. ಬೆಡ್‌ಶೀಟ್ ಬಿದ್ದರೆ ನೆಂಟರು.

"ಅವರು ಮಾತಾಡ್ತಿರೋವಾಗ ತಂತಿ ಮುಟ್ಟಿದ್ರೆ ಶಾಕ್ ಹೊಡೆಯಲ್ವಾ ಚಿಕ್ಕಮ್ಮ?" ಎಂದು ನಾನು ಗಾಬರಿಯಿಂದ ಕೇಳಿದ್ದಕ್ಕೆ, "ಮೆಟ್ಟಿಲ ತನಕ ದನಿ ಕೇಳ್ಸುತ್ತಪ್ಪ. ಅವರು ಬಾಯಿ ಮುಚ್ಚಿದ ಮೇಲೆ ಹಾಕ್ಬೇಕು. ಇಷ್ಟು ವರ್ಷ ಸಂಸಾರ ಮಾಡಿ ಅದೂ ಗೊತ್ತಾಗಲ್ವಾ?" ಎಂದರು.

ಇಷ್ಟಕ್ಕೇ ತೃಪ್ತಿಯಾಗಿದ್ದರೆ ಅವರು ನಮ್ಮ ಚಿಕ್ಕಪ್ಪನೇ ಆಗುತ್ತಿರಲಿಲ್ಲ. ಆಂಟೆನಾ ಎತ್ತರವಾದಷ್ಟೂ ದನಿ ದೂರ ಹೋಗುತ್ತದೆಂದು ಟವರಿಗೆ ಕೈಹಾಕಿದರು. ಶಿವಾಜಿನಗರದ ಗುಜರಿಯಲ್ಲಿ ಕಬ್ಬಿಣ ಆರಿಸಿದ್ದು, ಅಲ್ಲಿಯೇ ಒಬ್ಬ ವೆಲ್ಡಿಂಗ್ ಭಾಯ್ ಹತ್ತಿರ ಮಾಡಿಸಿದ್ದು. ಭಾಯ್ ಮೊದಲ ದಿನವೇ ನನ್ನನ್ನು ಪಕ್ಕಕ್ಕೆ ಕರೆದು, "ಸಾಬ್, ನಿಮ್ ಚಾಚಾ ದಿಮಾಗ್ ಠೀಕ್ ಇದೆಯಲ್ಲ? ಮನೆ ಮೇಲೆ ಮನೆ ಕಟ್ಟೋರ್ನ ನೋಡಿದ್ದೀನಿ. ಮನೆ ಮೇಲೆ ಏಣಿ ನಿಲ್ಸಿ ಎಲ್ಲಿಗೆ ಹೋಗ್ತಾರೆ?" ಎಂದು ಕೇಳಿದ.

ಹತ್ತು ಹತ್ತು ಅಡಿಯ ನಾಲ್ಕು ತುಂಡುಗಳನ್ನು ಗೂಡ್ಸ್ ಆಟೊದಲ್ಲಿ ಹೇರಿ, ಹಿಂದಕ್ಕೆ ಚಾಚಿದ ತುದಿಗೆ ಕೆಂಪು ಬಟ್ಟೆ ಕಟ್ಟಿ ತಂದೆವು. ಕೆರೆಯ ಹತ್ತಿರ ಟ್ರಾಫಿಕ್ ಪೊಲೀಸಿನವರು ತಡೆದು, "ಏನ್ರೀ ಇದು?" ಎಂದರು. ಕೇಳಬಾರದಿತ್ತು! ಚಿಕ್ಕಪ್ಪ ಆಟೊದಿಂದ ಇಳಿದು, ಆಕಾಶದಲ್ಲಿ ಅಷ್ಟು ಮೇಲೆ ಒಂದು ಪದರ ಇರುವುದರಿಂದ ಶುರುಮಾಡಿ, ರೇಡಿಯೊ ಅಲೆ ಅದಕ್ಕೆ ಬಡಿದು ಹೇಗೆ ಕೆಳಗೆ ಬರುತ್ತದೆ, ಬಿಸಿಲು ಕಾಲದಲ್ಲಿ ಏನಾಗುತ್ತದೆ, ಸೂರ್ಯನ ಮೈಮೇಲೆ ಕಲೆ ಎದ್ದರೆ ಏನು ಲಾಭ ಎಂಬಲ್ಲಿಗೆ ಬಂದರು. ಹಿಂದೆ ಹಲಸೂರಿನ ಅರ್ಧ ವಾಹನಗಳು ಹಾರ್ನ್ ಹೊಡೆಯುತ್ತಿದ್ದವು. ಪೊಲೀಸಿನವರು ಕೊನೆಗೆ ಕೈ ಮುಗಿದು, "ಯಜಮಾನ್ರೇ, ನೀವು ಹೋಗಿ. ಫೈನ್ ಬೇಡ, ಏನೂ ಬೇಡ. ಇನ್ನೊಂದ್ಸಲ ನನ್ ಡ್ಯೂಟಿ ಇದ್ದಾಗ ಮಾತ್ರ ಈ ರೋಡಲ್ಲಿ ಬರ್ಬೇಡಿ" ಎಂದರು.

ಟವರ್ ಎದ್ದಿತು. ಅದರ ನೆತ್ತಿಯ ಮೇಲೆ ದೈತ್ಯ ಮೀನೊಂದರ ಮುಳ್ಳಿನಂತಹ ಆಂಟೆನಾ. ಪಕ್ಕದ ಮನೆಯ ಆಂಟಿ ಮೂರನೆಯ ದಿನವೇ ಬಂದರು. ಅವರ ಟಿವಿಯ ಸ್ಪೀಕರಿನಲ್ಲಿ ಚಿಕ್ಕಪ್ಪ ಬರುತ್ತಿದ್ದರಂತೆ.

"ಸೀರಿಯಲ್‌ನಲ್ಲಿ ಸೊಸೆ ಬಾಯಿ ಬಿಟ್ರೆ ನಿಮ್ಮ ಯಜಮಾನ್ರ ದನಿ ಬರುತ್ತೆ ಅಕ್ಕಾ. ಮೂರು ದಿನದಿಂದ ಅವಳು ಅತ್ತೇಗೆ ಏನ್ ಉತ್ತರ ಕೊಟ್ಳೋ ನಂಗೆ ಗೊತ್ತಾಗ್ಲಿಲ್ಲ!"

ಚಿಕ್ಕಪ್ಪ ಸ್ಪೀಕರಿನ ವೈರುಗಳಿಗೆ ಏನೋ ಉಂಗುರಗಳನ್ನು ತೊಡಿಸಿ ಆ ದೋಷ ನಿವಾರಿಸಿದರು. ಆದರೂ ಆಂಟಿ, "ಸ್ವಲ್ಪ ದಿನ ಮನೇಲಿ ಗಂಡಸರ ದನಿ ಕೇಳ್ದಂಗೆ ಆಗಿತ್ತು" ಎಂದು ನಕ್ಕಿದ್ದುಂಟು.

ಟವರ್ ಎಂದರೆ ಒಮ್ಮೆ ನಿಲ್ಲಿಸಿ ಮರೆಯುವ ವಸ್ತುವಲ್ಲ. ತುಕ್ಕು ಕೆರೆಯಬೇಕು, ಬಣ್ಣ ಬಳಿಯಬೇಕು, ಆಂಟೆನಾ ತಿರುಗಿಸುವ ಮೋಟಾರಿಗೆ ಗ್ರೀಸ್ ತುಂಬಬೇಕು, ಮೂರು ಕಡೆಯಿಂದ ಎಳೆದು ಕಟ್ಟಿದ ಕಬ್ಬಿಣದ ಹುರಿಗಳನ್ನು ಬಿಗಿಮಾಡಬೇಕು. ಅದಕ್ಕೇ ಆ ಭಾನುವಾರದ ಏರಾಟ. ಏರುವಾಗ ಚಿಕ್ಕಪ್ಪನ ಸೊಂಟಕ್ಕೊಂದು ಹಗ್ಗ. ಅದು ತುದಿಯ ರಾಟೆಯ ಮೇಲೆ ಹಾದು ಕೆಳಗೆ ಬರುತ್ತಿತ್ತು. ಕೆಳಗಿನ ತುದಿ ಹಿಡಿದು ನಿಲ್ಲುತ್ತಿದ್ದವರು ಚಿಕ್ಕಮ್ಮ.

ಅದನ್ನು ನೋಡಿದ್ದೇ ತಡ, ನನ್ನ ಎಂಎಸ್ಸಿ ಎದ್ದು ಕೂತಿತು. "ಚಿಕ್ಕಮ್ಮ, ಅವರು ಎಂಬತ್ತು ಕೆಜಿ. ನೀವು ನಲವತ್ತೆಂಟು. ನಡುವೆ ರಾಟೆ. ಅವರು ಜಾರಿದ್ರೆ ನೀವು ಹಿಡಿದು ನಿಲ್ಲಿಸೋಕಾಗಲ್ಲ. ಅವರು ಕೆಳಗೆ ಬರ್ತಾರೆ, ನೀವು ಮೇಲೆ ಹೋಗ್ತೀರಿ! ಈ ಹಗ್ಗದಿಂದ ಏನೂ ಪ್ರಯೋಜನ ಇಲ್ಲ."

ಚಿಕ್ಕಮ್ಮ ಹಗ್ಗವನ್ನು ಅಂಗೈಗೆ ಇನ್ನೊಂದು ಸುತ್ತು ಸುತ್ತಿಕೊಂಡು, ಮೇಲಿನಿಂದ ಕಣ್ಣು ಕೀಳದೆ ಹೇಳಿದರು: "ಹೋಗ್ಲಿ ಬಿಡೋ. ದಾರೀಲಿ ಸಿಕ್ತೀವಲ್ಲ."

ಈ ವರ್ಷದ ಆರಂಭದಲ್ಲಿ ಚಿಕ್ಕಮ್ಮನ ಮೊಣಕಾಲಿನ ಆಪರೇಷನ್ ಆಯಿತು. ಮೆಟ್ಟಿಲು ಹತ್ತುವುದು ನಿಂತಿತು. ಅಂದಿನಿಂದ ಚಿಕ್ಕಪ್ಪನೂ ಟವರ್ ಹತ್ತಲಿಲ್ಲ. ಏಪ್ರಿಲ್ಲಿನ ಒಂದು ಗಾಳಿಮಳೆಗೆ ಟವರಿನ ಮೇಲ್ತುದಿಯ ಕೊಂಡಿಯೊಂದು ಸಡಿಲವಾಗಿ, ಹುರಿ ಜೋತುಬಿದ್ದು, ಟವರ್ ತೂಕಡಿಸುವವರ ತಲೆಯಂತೆ ಅತ್ತಿತ್ತ ಆಡತೊಡಗಿತು. ಪಕ್ಕದ ಮನೆಯ ಆಂಟಿ ಮತ್ತೆ ಬಂದರು. ಈ ಸಲ ನಗು ಇರಲಿಲ್ಲ.

"ಅಣ್ಣಾ, ಮಳೆಗಾಲ ಶುರು ಆಗೋದ್ರೊಳಗೆ ಬಿಗಿ ಮಾಡ್ಸಿ, ಇಲ್ಲ ಇಳಿಸ್ಬಿಡಿ. ಅದು ಬಿದ್ರೆ ನನ್ನ ಅಡುಗೆಮನೆ ಶೀಟ್ ಒಡೆದು ನೇರ ಸಾಂಬಾರಿಗೇ ಬೀಳೋದು."

ನ್ಯಾಯವಾದ ಮಾತು. ಕಲ್ಯಾಣ ನಗರದಲ್ಲಿ ಚಿಕ್ಕಪ್ಪನಂಥದೇ ಹುಚ್ಚಿನ ಇಬ್ಬರು ಗೆಳೆಯರಿದ್ದಾರೆ, ನಲವತ್ತರ ಆಸುಪಾಸಿನವರು. ತಾವೇ ಹತ್ತಿ ಬಿಗಿಮಾಡುತ್ತೇವೆ ಎಂದರು. "ನನ್ನ ಟವರಿನ ನಟ್ಟು ನಾನೇ ತಿರುಗಿಸಬೇಕು" ಎಂದರು ಚಿಕ್ಕಪ್ಪ. ಹಾಗಾದರೆ ಹಗ್ಗವನ್ನಾದರೂ ಹಿಡಿಯುತ್ತೇವೆ ಎಂದರು. ಅದೂ ಬೇಡವಂತೆ.

"ಆ ಹಗ್ಗ ದಂಡ ಅಂತ ನಾನು ಲೆಕ್ಕ ಮಾಡಿ ತೋರಿಸಿದ್ದೆನಲ್ಲ ಚಿಕ್ಕಪ್ಪ? ಯಾರು ಹಿಡಿದ್ರೇನು?" ಎಂದೆ ನಾನು.

"ನಿನ್ನ ಲೆಕ್ಕ ಸರಿ ಮಗಾ. ಆದ್ರೆ ಹತ್ತೋನು ನಾನು."

ಹೀಗೆ ಟವರಿನ ಹಣೆಬರಹ ಹತ್ತೊಂಬತ್ತು ಮೆಟ್ಟಿಲುಗಳ ಮೇಲೆ ನಿಂತಿತು. ಚಿಕ್ಕಮ್ಮ ತಾರಸಿಗೆ ಬಂದರೆ ಟವರ್ ಉಳಿಯುತ್ತದೆ, ಬರದಿದ್ದರೆ ಇಳಿಯುತ್ತದೆ. ಚಿಕ್ಕಮ್ಮನೇ ಹಠ ಹಿಡಿದರು. "ಡಾಕ್ಟ್ರು ನಿಧಾನಕ್ಕೆ ಹತ್ತಿ ಅಂದಿದ್ದಾರೆ. ನಿಧಾನಕ್ಕೇ ಹತ್ತುತ್ತೀನಿ. ಮಧ್ಯಾಹ್ನದೊಳಗೆ ಮುಟ್ಟಿದ್ರಾಯ್ತು."

ಮೇ ತಿಂಗಳ ಒಂದು ಭಾನುವಾರ. ಈ ಸಲ ಹಗ್ಗ ಚಿಕ್ಕಮ್ಮನ ಸೊಂಟಕ್ಕೆ. ಅದರ ಇನ್ನೊಂದು ತುದಿ ತಾರಸಿಯ ಮೇಲೆ ನಿಂತ ಚಿಕ್ಕಪ್ಪನ ಕೈಯಲ್ಲಿ. ಹಿಂದಿನಿಂದ ಬರುತ್ತಿದ್ದ ನಾನು ತಡೆಯಲಾರದೆ ಮನಸ್ಸಿನಲ್ಲೇ ಲೆಕ್ಕ ಹಾಕಿದೆ: ಮೇಲೆ ಎಂಬತ್ತು, ಕೆಳಗೆ ನಲವತ್ತೆಂಟು. ಮೊದಲ ಬಾರಿಗೆ ಆ ಹಗ್ಗದ ಲೆಕ್ಕ ಸರಿಯಾಗಿತ್ತು!

ಹನ್ನೊಂದನೆಯ ಮೆಟ್ಟಿಲಿಗೆ, ಮೆಟ್ಟಿಲು ತಿರುಗುವ ಜಾಗದಲ್ಲಿ, ಚಿಕ್ಕಮ್ಮ ಕೂತುಬಿಟ್ಟರು. ಮುಖ ಬೆವತಿತ್ತು. "ಆಗ್ತಿಲ್ಲ ರೀ. ಇವತ್ತಿಗೆ ಇಷ್ಟೇ."

ಚಿಕ್ಕಪ್ಪ ಒಮ್ಮೆ ಟವರಿನ ಕಡೆ ನೋಡಿದರು. ಆಮೇಲೆ ಹಗ್ಗವನ್ನು ಮೊಣಕೈಗೆ ಸುತ್ತಿಕೊಳ್ಳುತ್ತಾ ಒಂದೊಂದೇ ಮೆಟ್ಟಿಲು ಇಳಿದು ಬಂದು ಅವರ ಪಕ್ಕದಲ್ಲಿ ಕೂತರು. ಆಗ ಒಬ್ಬರು, "ದಾರೀಲಿ ಸಿಕ್ಕಿದ್ವಲ್ಲ" ಎಂದರು. ಯಾರು? ನನಗೆ ನೆನಪಿಲ್ಲ. ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಿ ನೋಡಿದ್ದೇನೆ. ಅವರು ಇವರೆನ್ನುತ್ತಾರೆ, ಇವರು ಅವರೆನ್ನುತ್ತಾರೆ.

"ಕಲ್ಯಾಣ ನಗರದೋರಿಗೆ ಫೋನ್ ಮಾಡೋ, ಇಳಿಸ್ಬಿಡೋಣ" ಎಂದರು ಚಿಕ್ಕಪ್ಪ.

"ಇನ್ನೊಂದು ತಿಂಗಳು ತಡೀರಿ, ನಾನು ಹತ್ತುತ್ತೀನಿ."

"ಮಳೆ ತಡೆಯಲ್ಲ ಕಣೇ."

ಮುಂದಿನ ಭಾನುವಾರ ಗೆಳೆಯರಿಬ್ಬರು ಟವರನ್ನು ತುಂಡು ತುಂಡಾಗಿ ಬಿಚ್ಚಿ ಇಳಿಸಿದರು. ಚಿಕ್ಕಪ್ಪ ತಾರಸಿಗೆ ಹೋಗಲೇ ಇಲ್ಲ. ಹನ್ನೊಂದನೆಯ ಮೆಟ್ಟಿಲಲ್ಲಿ ಚಿಕ್ಕಮ್ಮನ ಪಕ್ಕ ಕೂತು, ಏನೂ ಕಾಣದಿದ್ದರೂ, "ಎಡಗಡೆ ನಟ್ಟು ಮೊದ್ಲು! ಎಡಗಡೆ!" ಎಂದು ಕಿರುಚುತ್ತಿದ್ದರು. ರಸ್ತೆಯಲ್ಲಿ ಮಲಗಿಸಿದ ಮೇಲೆ ನಾನು ಅಳೆದೆ. ತುಂಡುಗಳು ನಾಲ್ಕಲ್ಲ, ಮೂರು. ಒಂದೊಂದೂ ಒಂಬತ್ತು ಅಡಿ. ಒಟ್ಟು ಇಪ್ಪತ್ತೇಳು! ಇಷ್ಟು ವರ್ಷ ನಲವತ್ತು, ನಲವತ್ತು ಎಂದು ಊರಿಗೆಲ್ಲ ಹೇಳಿಕೊಂಡು ಬಂದಿದ್ದೆ. ಓದುಗರು ದಯವಿಟ್ಟು ಮೇಲಿನ ಕಥೆಯಿಂದ ಹದಿಮೂರು ಅಡಿ ಕಳೆದುಕೊಳ್ಳಬೇಕು. ಹದ್ದುಗಳನ್ನೂ.

ಈಗ ಮೆಟ್ಟಿಲಿನ ತಿರುವಿನಿಂದ ಕಾಂಪೌಂಡಿನ ತೆಂಗಿನಮರಕ್ಕೆ ಒಂದು ತಂತಿ ಕಟ್ಟಿದ್ದಾರೆ. ತಗ್ಗಿನಲ್ಲಿ ಕಟ್ಟಿದ ತಂತಿಗೆ ದೂರದವರು ಸಿಗುವುದು ಕಷ್ಟವಂತೆ, ಹತ್ತಿರದವರು ಚೆನ್ನಾಗಿ ಸಿಗುತ್ತಾರಂತೆ. ಬ್ರೆಜಿಲ್ ಹೋಯಿತು, ಹುಬ್ಬಳ್ಳಿ ಬಂತು.

ಹೋದ ವಾರ ಮಧ್ಯಾಹ್ನ ಹೋಗಿದ್ದೆ. ಚಿಕ್ಕಮ್ಮ ಭುಜದ ಮೇಲೆ ಒದ್ದೆ ಟವೆಲ್ ಹಾಕಿಕೊಂಡು, ಗೋಡೆ ಹಿಡಿದು ಮೆಟ್ಟಿಲು ಹತ್ತಲು ಶುರುಮಾಡಿದ್ದರು. ಊಟದ ಹೊತ್ತು. ನಾನೇ ಕರೆಯುತ್ತೇನೆ ಎಂದು ರೇಡಿಯೊ ಕೋಣೆಯ ಬಾಗಿಲು ತಳ್ಳಿದೆ. ಚಿಲಕವಿರಲಿಲ್ಲ. ಹೆಡ್‌ಫೋನ್ ಮೊಳೆಗೆ ನೇತಾಡುತ್ತಿತ್ತು. ಸೆಟ್ಟಿನ ದೀಪ ಆರಿತ್ತು. ಚಿಕ್ಕಪ್ಪ ಕಿಟಕಿಯ ಪರದೆಯ ಹಿಂದೆ ನಿಂತು ಮೆಟ್ಟಿಲನ್ನೇ ನೋಡುತ್ತಾ, "ಹುಬ್ಬಳ್ಳಿ, ಹುಬ್ಬಳ್ಳಿ, ಕೇಳಿಸ್ತಿದೆಯಾ?" ಎಂದು ಗಟ್ಟಿಯಾಗಿ ಖಾಲಿ ಕೋಣೆಗೆ ಹೇಳುತ್ತಿದ್ದರು.

"ಏನು ಚಿಕ್ಕಪ್ಪ ಇದು?"

"ಶ್... ಅವಳಿಗೆ ಹೇಳ್ಬೇಡ. ಕೂಗಿದ ತಕ್ಷಣ ಹೋದ್ರೆ ಅವಳು ಮೆಟ್ಟಿಲು ಹತ್ತೋದೇ ಬಿಟ್ಬಿಡ್ತಾಳೆ." ಮತ್ತೆ ಕಿಟಕಿಗೆ ಹಣೆ ಹಚ್ಚಿದರು. "ಹುಬ್ಬಳ್ಳಿ, ಇಲ್ಲಿ ಜೋಗುಪಾಳ್ಯ... ಒಂಬತ್ತು... ಹತ್ತು..." ಕಿಟಕಿಯ ಸರಳು ಹಿಡಿದ ಬೆರಳುಗಳು ಬೆಳ್ಳಗಾಗಿದ್ದವು, ಚಿಕ್ಕಮ್ಮನ ಸೊಂಟಕ್ಕೆ ಕಟ್ಟಿದ ಹಗ್ಗ ಇನ್ನೂ ಅವರ ಕೈಯಲ್ಲೇ ಇದ್ದ ಹಾಗೆ.

ಹನ್ನೊಂದಕ್ಕೆ ಅವರು ಬಾಯಿ ಮುಚ್ಚಿದರು. ತಂತಿಯ ಮೇಲೆ ಟವೆಲ್ ಬಿತ್ತು.